ಅನ್‌ನೋನ್ ಆರ್ಟಿಸ್ಟ್ ಮತ್ತು ನಮ್ಮಪ್ಪ

ಹೊಸ ಕಾರು ಬಂದ ದಿನ ಅಪ್ಪ ಎಂಜಿನ್ ನೋಡಲಿಲ್ಲ, ಮೈಲೇಜ್ ಕೇಳಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡಿನ ಮೇಲೆಲ್ಲ ಕೈಯಾಡಿಸಿ, "ಕ್ಯಾಸೆಟ್ ಎಲ್ಲಿ ಹಾಕ್ಬೇಕೋ ತಮ್ಮಾ?" ಅಂದರು. ಕ್ಯಾಸೆಟ್ ಹಾಗಿರಲಿ, ಸಿಡಿ ತೂರಿಸಲಿಕ್ಕೂ ಜಾಗ ಇರಲಿಲ್ಲ. ಇದ್ದದ್ದು ಒಂದು ದೊಡ್ಡ ಸ್ಕ್ರೀನ್, ಅದರ ಕೆಳಗೆ ಹುಣಸೆ ಬೀಜದಷ್ಟು ಟೈಪ್-ಸಿ ತೂತು.

ಅಪ್ಪನ ಹತ್ತಿರ ನಲವತ್ತು ಕ್ಯಾಸೆಟ್‌ಗಳಿವೆ. ಮೊದಲು ಇನ್ನೂ ಜಾಸ್ತಿ ಇದ್ದವು. ಕೆಲವನ್ನು ಕಲಬುರಗಿ ಬಿಸಿಲು ತಿಂದಿತು. ಹಳೆಯ ಕಾರಿನಲ್ಲಿ ಒಮ್ಮೆ ಮೇ ತಿಂಗಳ ಮಧ್ಯಾಹ್ನ ಒಂದನ್ನು ಗಾಜಿನ ಹತ್ತಿರ ಮರೆತುಬಿಟ್ಟಿದ್ದೆ. ಹೊರಗೇ 42 ಡಿಗ್ರಿ, ಒಳಗಿನದು ಕೇಳಬೇಡಿ. ಸಂಜೆ ನೋಡಿದರೆ ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಅಪ್ಪ ಬೈಯಲಿಲ್ಲ. ಒಂದು ವಾರ ಮಾತು ಕಡಿಮೆ ಮಾಡಿದರು, ಅಷ್ಟೇ.

ಹೀಗಾಗಿ ಉಳಿದವನ್ನು ಪೆನ್‌ಡ್ರೈವ್‌ಗೆ ಇಳಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಇದರಲ್ಲಿ ಅವಸರ ನಡೆಯುವುದಿಲ್ಲ. ಟೇಪ್‌ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಬೇಕು. ಇಯರ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರು ಕೊಡಬೇಕು. ಆಮೇಲೆ ಸುಮ್ನೆ ಕೂರಬೇಕು. 60 ನಿಮಿಷದ ಕ್ಯಾಸೆಟ್ ಇಳಿಯಲಿಕ್ಕೆ 60 ನಿಮಿಷವೇ ಬೇಕು. ನಡುವೆ ಎದ್ದು ಮಗ್ಗಲು ಬದಲಿಸುವುದು ಬೇರೆ. ಎಷ್ಟು ಭಾನುವಾರ ಹೋದವೋ ಲೆಕ್ಕ ಇಡಲಿಲ್ಲ. 128 ಕೆಬಿಪಿಎಸ್ ಎಂಪಿ3 ಅಂದರೆ ನಿಮಿಷಕ್ಕೆ ಸುಮಾರು 1 ಎಂಬಿ. ಅಪ್ಪನ ಇಡೀ ಕಪಾಟು 3 ಜಿಬಿ ಒಳಗೇ ಮುಗಿದುಹೋಯಿತು. ಪೆನ್‌ಡ್ರೈವ್ 32 ಜಿಬಿಯದು. "ಇಷ್ಟು ಜಾಗ ಖಾಲಿ ಬಿದ್ದದಲ್ಲೋ" ಅಂತ ಬಾಡಿಗೆಗೆ ಕೊಡುವ ಮನೆ ನೋಡಿದ ಹಾಗೆ ಕೊರಗಿದರು.

ಕಾರು ಅದನ್ನು ಗುರುತಿಸಲೇ ಇಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಟೈಪ್-ಸಿ ಕನೆಕ್ಟರ್ ಕೊಟ್ಟ ಹುಡುಗನೇ ದಾರಿ ತೋರಿಸಿದ. "ಎನ್‌ಟಿಎಫ್‌ಎಸ್ ಅದರಿ ಇದು. ಫ್ಯಾಟ್32 ಮಾಡ್ರಿ, ಓದ್ತದ." ಎರಡೂ ಪೆನ್‌ಡ್ರೈವ್ ಒಳಗೆ ಫೈಲ್ ಜೋಡಿಸಿಡುವ ರೀತಿಗಳಂತೆ. ಮಾಡಿದೆ, ಓದಿತು. ಆದರೆ ಹಾಡಿನ ಸರದಿ ನೋಡಿದರೆ 1 ಆದ ಮೇಲೆ 10, ಆಮೇಲೆ 11, ಆಮೇಲೆ 2. ಕಾರಿಗೆ ಮಗ್ಗಿ ಬರುವುದಿಲ್ಲ. 01, 02 ಅಂತ ಸೊನ್ನೆ ಸೇರಿಸಿ ಅದಕ್ಕೆ ಎಣಿಕೆ ಕಲಿಸಿದ್ದಾಯಿತು.

ಇಷ್ಟಾದ ಮೇಲೆ ಅಪ್ಪ ಹೊಸ ತಕರಾರು ತೆಗೆದರು. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡುತ್ತಿದ್ದರೆ ಸ್ಕ್ರೀನ್ ಮೇಲೆ 'ಅನ್‌ನೋನ್ ಆರ್ಟಿಸ್ಟ್'. ಭೀಮಸೇನ ಜೋಶಿಯವರು ಬಂದರೂ ಅದೇ. ನಮ್ಮೂರ ಭಜನೆ ಮೇಳವೂ ಅದೇ. "ಮನ್ಸೂರರು ಯಾರಂತ ಗೊತ್ತಿಲ್ಲೇನು ಈ ಗಾಡಿಗಿ?" ಅಂತ ಅಪ್ಪ ಸಿಟ್ಟಾದರು. ತಪ್ಪು ನನ್ನದೇ. ಫೈಲಿನಲ್ಲಿ ಹೆಸರಿನ ಟ್ಯಾಗ್ ತುಂಬಿರಲಿಲ್ಲ. 1996ರಲ್ಲಿ ಮೊದಲ ಸಲ ಎಂಪಿ3ಗೆ ಇಂಥ ಟ್ಯಾಗ್ ಬಂದಾಗ ಅದನ್ನು ಫೈಲಿನ ಕಟ್ಟಕಡೆಯ 128 ಬೈಟ್‌ನಲ್ಲಿ ಇಡುತ್ತಿದ್ದರಂತೆ. ಓದಿ ನಗು ಬಂತು. ನಮ್ಮ ಶರಣರು 12ನೇ ಶತಮಾನದಲ್ಲೇ ಈ ಕೆಲಸ ಮಾಡಿದ್ದರು, ಅಲ್ವಾ? ವಚನದ ಕೊನೆಗೆ ಕೂಡಲಸಂಗಮದೇವ ಅಂತ ಅಂಕಿತ ಬಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಬಂದರೆ ಅಕ್ಕ. ಬಹಳ ಕಾಲದ ಮೇಲೆ ನಮ್ಮ ಜಿಲ್ಲೆಯವರೇ ಆದ ಕಡಕೋಳ ಮಡಿವಾಳಪ್ಪನವರೂ ಮಹಾಂತನ ಹೆಸರಿಟ್ಟು ತತ್ವಪದ ಮುಗಿಸಿದರು. ಫಾರ್ಮ್ಯಾಟ್ ಮಾಡಿದರೂ ಹೋಗದ ಟ್ಯಾಗ್ ಅದು. ಆದರೆ ಅದು ಕಟ್ಟಿದವರದು. ಹಾಡಿದವರಿಗೆ ಅಂಕಿತ ಎಲ್ಲಿಂದ ಬರಬೇಕು?

ಒಂದು ಕ್ಯಾಸೆಟ್ ನನ್ನನ್ನು ಬಹಳ ಕಾಡಿತು. ರಟ್ಟಿನ ಮೇಲೆ ಅಪ್ಪನ ಬಾಲ್‌ಪೆನ್ ಅಕ್ಷರ: 'ಅಮಾಸಿ ಭಜನಿ'. ಅಷ್ಟೇ. ಏಕತಾರಿ, ದಮ್ಮಡಿ, ನಡುನಡುವೆ ಯಾರದೋ ಕೆಮ್ಮು, ದೂರದಲ್ಲಿ ನಾಯಿ. ಒಬ್ಬರ ಧ್ವನಿ ಮಾತ್ರ ಎಲ್ಲದರ ಮೇಲೆ ಏರಿ ಬರುತ್ತದೆ. ತರಬೇತಿ ಇಲ್ಲದ, ಹೊಲದಲ್ಲಿ ಕೂಗಿ ಕೂಗಿ ಗಟ್ಟಿಯಾದ ಧ್ವನಿ.

ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಎರಚಲು, ಜೇವರ್ಗಿ ರೋಡ್ ಹಿಡಿದು ಹೊಲಕ್ಕೆ ಹೊರಟಾಗ ಅದನ್ನೇ ಹಾಕಿದೆ. ಹಿಂದೆ ಅವ್ವನ ತೊಡೆಯ ಮೇಲೆ ಸಜ್ಜಿ ರೊಟ್ಟಿ, ಭಜ್ಜಿಯ ಬುಟ್ಟಿ. ಮ್ಯಾಪಿನ ಹೆಣ್ಣುಮಗಳು ಪದದ ನಡುವೆ ಬಾಯಿ ಹಾಕಿ ನೇರ ಹೋಗಲು ಹೇಳಿದಳು. "ನಮ್ಮ ಹೊಲಕ್ಕ ನಮಗೇ ದಾರಿ ಹೇಳ್ತಾಳ" ಅಂತ ಅವ್ವ ಗೊಣಗಿದರು. ಮ್ಯಾಪ್ ಬಂದ್ ಮಾಡಿದೆ. ಭೀಮಾ ಸೇತುವೆ ದಾಟುವಾಗ ಕೇಳಿದೆ: "ಯಪ್ಪಾ, ಇವರು ಯಾರು?"

ಅಪ್ಪ ಕಣ್ಣು ಮುಚ್ಚಿದ್ದರು. "ದಮ್ಮಡಿ ಬಡಿಯೋದು ಕೇಳು. ಎಡಗೈ ಅದು. ನಮ್ಮ ಹೊಲದ ಬಾಜೂದವ." ಬಡಿಯುವ ಕೈ ಎಡವೋ ಬಲವೋ ಅಂತ ಕಿವಿಗೆ ಹೇಗೆ ತಿಳಿಯುತ್ತದೋ, ನನಗಂತೂ ತಿಳಿಯಲಿಲ್ಲ. ಹೆಸರು? ಬಹಳ ಹೊತ್ತು ಯೋಚಿಸಿದರು. "ಎಲ್ಲಾರೂ ಎಡಚ ಕಾಕಾ ಅಂತಿದ್ದಿವಿ. ಖರೇ ಹೆಸರು ಯಾರೂ ಕೇಳಲೇ ಇಲ್ಲ ನೋಡು."

ಆ ರಾತ್ರಿ ಲ್ಯಾಪ್‌ಟಾಪ್ ತೆಗೆದು ಹಾಡಿದವರ ಜಾಗದಲ್ಲಿ ಕನ್ನಡದಲ್ಲೇ 'ಎಡಚ ಕಾಕಾ' ಅಂತ ತುಂಬಿದೆ. ಮರುದಿನ ಕಾರಿಗೆ ಹಾಕಿದರೆ, ಪುಣ್ಯಾತ್ಮ ಕಾರಿಗೆ ಕನ್ನಡ ಅಕ್ಷರವೇ ಗೊತ್ತಿಲ್ಲ. ಮೂರು ಚೌಕ, ಸ್ವಲ್ಪ ಜಾಗ, ಮತ್ತೆ ನಾಲ್ಕು ಚೌಕ.

ಅಪ್ಪ ಕನ್ನಡಕ ಏರಿಸಿ ಸ್ಕ್ರೀನಿಗೆ ಮುಖ ಹತ್ತಿರ ತಂದರು. ಬೆರಳಿಟ್ಟು ಒಂದೊಂದೇ ಚೌಕ ಎಣಿಸಿದರು.

"ಬಂತಲ್ಲ ಹೆಸರು" ಅಂದರು.