ಸೈಟು ಬಿದ್ದಿದೆ ಮಾರಾಯ

ವರ್ಷಕ್ಕೆ 8,760 ಗಂಟೆ. ಅದರಲ್ಲಿ ಶೇಕಡ 99.9ರಷ್ಟು ಹೊತ್ತು ನಿಮ್ಮ ವೆಬ್‌ಸೈಟ್ ಎದ್ದೇ ಇರುತ್ತದೆ ಎಂದು, ಅದನ್ನು ತಮ್ಮ ಸರ್ವರ್ ಎಂಬ ಕಂಪ್ಯೂಟರಿನಲ್ಲಿ ಇಟ್ಟುಕೊಂಡು ನಡೆಸುವ ಹೋಸ್ಟಿಂಗ್ ಕಂಪನಿಗಳು ಆಣೆ ಮಾಡುತ್ತವೆ. ಉಳಿದ 0.1 ಅಂದರೆ ಹತ್ತಿರ ಹತ್ತಿರ ಎಂಟೂ ಮುಕ್ಕಾಲು ಗಂಟೆ. ನಾವೇ ದಿನಾ ಅಷ್ಟು ಹೊತ್ತು ಮಲಗುತ್ತೇವೆ, ಅದು ವರ್ಷಕ್ಕೊಂದು ರಾತ್ರಿ ಮಲಗಿಕೊಳ್ಳಲಿ ಬಿಡಿ ಅನ್ನಬಹುದು. ಆದರೆ ಯಾವ ಹೊತ್ತಿಗೆ ಮಲಗಬೇಕು ಅನ್ನುವುದು ಅದರ ಮರ್ಜಿ. ನಮ್ಮ ಭಾವನ ಹೋಂಸ್ಟೇ ಸೈಟು ತನ್ನ ಪಾಲಿನ ನಿದ್ದೆಯನ್ನೆಲ್ಲ ಕೂಡಿಟ್ಟುಕೊಂಡು, ಜುಲೈ ತಿಂಗಳ ಒಂದು ಶನಿವಾರ ಒಟ್ಟಿಗೇ ಮುಗಿಸಿತು.

ಮಾತು ತಪ್ಪಿದರೆ ಪರಿಹಾರ ಉಂಟು. ಸೈಟು ಬಿದ್ದ ಹೊತ್ತಿಗೆ ತಕ್ಕ ದುಡ್ಡನ್ನು ಮುಂದಿನ ಬಿಲ್ಲಿನಲ್ಲಿ ವಜಾ ಮಾಡುತ್ತಾರೆ. ತಿಂಗಳಿಗೆ 99 ರೂಪಾಯಿಯ ಪ್ಲಾನ್ ಆದರೆ ಇಡೀ ಒಂದು ದಿನಕ್ಕೆ ಮೂರು ರೂಪಾಯಿ ಮೂವತ್ತು ಪೈಸೆ. ಅದನ್ನೂ ನಾವೇ ಅರ್ಜಿ ಹಾಕಿ ಕೇಳಬೇಕು.

ಆ 99 ರೂಪಾಯಿಯನ್ನು ಹುಡುಕಿದವರು ಭಾವನೇ. ಸಾಗರದಿಂದ ಜೋಗಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ಮೂರು ಕೋಣೆಯ ಹೋಂಸ್ಟೇ. ಮಳೆಗಾಲದಲ್ಲಿ ಜೋಗ ತುಂಬಿದಾಗ ಬೆಂಗಳೂರಿನವರು ಮೊದಲು ಹುಡುಕುವುದು ಫೋನಿನಲ್ಲೇ, ಅದಕ್ಕೆ ಸೈಟು ಬೇಕೇ ಬೇಕು ಎಂಬುದು ಅವರ ವಾದ. ಅಡಿಕೆ ಮಂಡಿಯಲ್ಲಿ ರೂಪಾಯಿ ರೂಪಾಯಿಗೂ ಜಗ್ಗಾಡುವ ಮನುಷ್ಯ ಜಾಹೀರಾತು ನೋಡಿ ಕರಗಿಬಿಟ್ಟರು. ಪುಟದ ಮೇಲೆ ಗಡಿಯಾರವೊಂದು ಹಿಂದಕ್ಕೆ ಓಡುತ್ತಿತ್ತು. ಆಫರ್ ಮುಗಿಯಲು ಇನ್ನು ಎರಡು ಗಂಟೆ ಅಂತ. (ಪುಟ ಮುಚ್ಚಿ ತೆರೆದರೆ ಮತ್ತೆ ಎರಡು ಗಂಟೆಯಿಂದಲೇ ಶುರು. ಅದು ಭಾವನಿಗೆ ಆಮೇಲೆ ಗೊತ್ತಾಯಿತು.) 99 ಅನ್ನುವುದು ನಾಲ್ಕು ವರ್ಷದ ದುಡ್ಡನ್ನು ಒಟ್ಟಿಗೆ ಕಟ್ಟಿದರೆ ಮಾತ್ರ. 48 ತಿಂಗಳಿಗೆ 4,752, ಮೇಲೆ ಶೇಕಡ 18 ಜಿಎಸ್‌ಟಿ, ಒಟ್ಟು 5,607 ರೂಪಾಯಿ 36 ಪೈಸೆ. ನಾಲ್ಕು ವರ್ಷ ಕಳೆದ ಮೇಲೆ ಎಷ್ಟು ಎಂಬುದು ಬೂದು ಬಣ್ಣದ ಪುಟಾಣಿ ಅಕ್ಷರದಲ್ಲಿತ್ತು. ಭಾವ ಕನ್ನಡಕ ಹುಡುಕಿ ತರುವಷ್ಟರಲ್ಲಿ ಅಕ್ಕ ಓಟಿಪಿ ಹೇಳಿಯಾಗಿತ್ತು.

ಬಿಲ್ಲು ನೋಡಿದರೆ, ಸೈಟಿಗೂ ನೋಡುವವರಿಗೂ ನಡುವಿನ ಮಾಹಿತಿಗೆ ಬೀಗ ಹಾಕುವ ಎಸ್‌ಎಸ್‌ಎಲ್ ಸರ್ಟಿಫಿಕೇಟಿಗೂ ಬೇರೆ ದುಡ್ಡು. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆ ಸುಮಾರು ಹತ್ತು ವರ್ಷದಿಂದ ಅದನ್ನು ಪುಕ್ಕಟೆ ಕೊಡುತ್ತಿದೆ. ಆ ಚೌಕದಲ್ಲಿ ಅವರೇ ಟಿಕ್ ಹಾಕಿ ಇಟ್ಟಿದ್ದರು, ತೆಗೆಯುವ ಕೆಲಸ ಮಾತ್ರ ನಮ್ಮದು.

ಇಷ್ಟಾದ ಮೇಲೆ ಭಾವ ನನಗೆ ಫೋನ್ ಮಾಡಿದ್ದು, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುವ ಭಾವಮೈದ ಅಂತ. ಇದು ಶೇರ್ಡ್ ಹೋಸ್ಟಿಂಗ್, ಒಂದೇ ಸರ್ವರಿನಲ್ಲಿ ನೂರಾರು ಸೈಟು ಇರುತ್ತವೆ ಅಂದೆ. ಅವರು ಕೇಳಿದ ಮೊದಲ ಪ್ರಶ್ನೆ: “ಅಕ್ಕಪಕ್ಕ ಯಾರಿದ್ದಾರೆ?”

ನಕ್ಕೆ. ಆದರೆ ಅದು ನಗುವ ಪ್ರಶ್ನೆಯಲ್ಲ. ಅದೇ ಸರ್ವರಿನ ಯಾರೋ ಒಬ್ಬರು ರಾಶಿ ರಾಶಿ ಲಾಟರಿ ಮೇಲ್ ಕಳಿಸಿ, ಎಲ್ಲರೂ ಹಂಚಿಕೊಂಡ ಐಪಿ ವಿಳಾಸವೇ ಕಪ್ಪುಪಟ್ಟಿಗೆ ಸೇರಿತು. “ನಿಮ್ಮ ಕೋಣೆ ಕಾದಿರಿಸಲಾಗಿದೆ” ಎಂದು ಭಾವ ಕಳಿಸಿದ ಮೇಲ್‌ಗಳೆಲ್ಲ ಅತಿಥಿಗಳ ಸ್ಪ್ಯಾಮ್ ಡಬ್ಬಿಯಲ್ಲಿ ಬಿದ್ದುಕೊಂಡವು. ಉತ್ತರ ಬರಲಿಲ್ಲವೆಂದು ಅತಿಥಿಗಳು ಬೇರೆ ಕಡೆ ಹೋದರು. ಅತಿಥಿಗಳು ಬರಲಿಲ್ಲವೆಂದು ಅಕ್ಕ ಮಾಡಿಟ್ಟ ಕಡುಬನ್ನು ಮನೆಯವರೇ ಎರಡು ಹೊತ್ತು ತಿಂದರು.

ಇನ್ನು ಅನ್‌ಲಿಮಿಟೆಡ್ ಜಾಗದ ಕಥೆ. ಜಾಗಕ್ಕೆ ಮಿತಿಯಿಲ್ಲ, ಫೈಲುಗಳ ಸಂಖ್ಯೆಗೆ ಇದೆ. ಭಾವ ಜೋಗವನ್ನು ಬೆಳಿಗ್ಗೆ, ಮಧ್ಯಾಹ್ನ, ಮಂಜಿನಲ್ಲಿ, ಮಂಜಿನಿಂದಾಗಿ ಜೋಗವೇ ಕಾಣದಿದ್ದಾಗ ಎಲ್ಲ ಫೋಟೋ ಹೊಡೆದು ಏರಿಸುತ್ತಿದ್ದರು. ಸೈಟು ಕಟ್ಟಲು ಬಳಸಿದ ವರ್ಡ್‌ಪ್ರೆಸ್ ತಂತ್ರಾಂಶ ಒಂದು ಫೋಟೋಗೆ ಬೇರೆ ಬೇರೆ ಅಳತೆಯ ಐದಾರು ಪ್ರತಿ ತಾನಾಗಿಯೇ ಮಾಡಿಕೊಳ್ಳುತ್ತದೆ. ಮಂಜಿನ ಆರು ಪ್ರತಿಗಳಿಂದಾಗಿ ಲೆಕ್ಕ ತುಂಬಿತು.

ಆಮೇಲೆ ಬಂತು ಆ ಶನಿವಾರ. ಸೈಟಿನ ಜಾಗದಲ್ಲಿ ಬಿಳಿ ಹಾಳೆ, ಡೇಟಾಬೇಸ್ ಸಿಗುತ್ತಿಲ್ಲ ಎಂಬ ಒಂದೇ ಸಾಲು. ಚಾಟ್ ತೆರೆದೆ. ‘ನಿಮ್ಮ ತಾಳ್ಮೆಗೆ ಧನ್ಯವಾದ’ ಅಂತ ಬಂತು. ಐದು ನಿಮಿಷಕ್ಕೊಮ್ಮೆ ಅದನ್ನೇ ಹೇಳಿ ಹೇಳಿ ಇದ್ದ ತಾಳ್ಮೆಯನ್ನೂ ಖರ್ಚು ಮಾಡಿಸಿದರು. ಕತ್ತಲಾಗುವ ಹೊತ್ತಿಗೆ ಬ್ಯಾಕಪ್‌ನಿಂದ ಸೈಟನ್ನು ಎಬ್ಬಿಸಿದರು. ಎದ್ದಿತು, ಕನ್ನಡ ಮರೆತು.

ಭಾವ ಫೋನಿನಲ್ಲಿ ಓದಿದರು. “ಇಂಗ್ಲಿಷ್ ಎ ಇದೆ. ತಲೆ ಮೇಲೊಂದು ಓರೆ ಗೀಟು. ಪಕ್ಕದಲ್ಲಿ ಚಿಕ್ಕದೊಂದು ಎರಡು. ಆಮೇಲೊಂದು ಎಂಥದೋ. ಮತ್ತೆ ಎ, ಗೀಟು, ಈ ಸಲ ಮೂರು. ನಿನ್ನಕ್ಕ ಬರೆದ ಅಪ್ಪೆಹುಳಿ, ತೊಡೆದೇವು ಎಲ್ಲ ಹೀಗೇ ಆಗಿದೆ ಮಾರಾಯ.”

ಅವರಿಗೆ ಗೊತ್ತಿಲ್ಲದೆಯೇ ರೋಗದ ಲಕ್ಷಣವನ್ನು ಸರಿಯಾಗಿ ಹೇಳಿದ್ದರು. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಅಕ್ಷರವಿರಲಿ, ಕೊಂಬಿರಲಿ, ಒಂದೊಂದಕ್ಕೂ ಮೂರು ಬೈಟ್, ಅಂದರೆ ಮೂರು ಸಂಖ್ಯೆ. ಮೊದಲ ಬೈಟ್ ಎಲ್ಲಕ್ಕೂ ಒಂದೇ. ಇಂಗ್ಲಿಷಿನಂಥ ಭಾಷೆಗಳಿಗೆ ಮಾಡಿದ ಹಳೆಯ ಲ್ಯಾಟಿನ್ ಪಟ್ಟಿ ಹಿಡಿದು ಓದಿದರೆ ಅದೇ ಆ ಗೀಟಿನ ಎ. ಎರಡನೆಯ ಬೈಟ್ ಚಿಕ್ಕ 2, ಇಲ್ಲವೇ ಚಿಕ್ಕ 3. ಹೀಗೆ ಕಂಡರೆ ಡೇಟಾ ಒಳಗೆ ಕ್ಷೇಮವಾಗಿದೆ, ಓದುವ ಸೆಟ್ಟಿಂಗ್ ತಪ್ಪಿದೆ ಅಷ್ಟೇ. ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಯಾಗಿದ್ದರೆ ಅಳಬೇಕಿತ್ತು, ಅದು ಹೋದ ಮಾಲು. ಇದನ್ನು ಸಪೋರ್ಟಿನವರಿಗೆ ವಿವರಿಸಿದೆ. “ಸರ್, ನಿಮ್ಮ ಸೈಟಿಗೆ ವೈರಸ್ ಬಂದಂತಿದೆ, ತೆಗೆಯುವ ಪ್ಯಾಕೇಜ್ ಇದೆ” ಅಂದರು. ಎರಡು ಸಾವಿರ ವರ್ಷದ ಭಾಷೆಗೆ ವೈರಸ್ ಸರ್ಟಿಫಿಕೇಟ್! ಸೆಟ್ಟಿಂಗನ್ನು ನಾನೇ ಸರಿ ಮಾಡಿ, ಅಲ್ಲಿಂದ ಗಂಟುಮೂಟೆ ಕಟ್ಟುವುದೆಂದು ಇಬ್ಬರೂ ತೀರ್ಮಾನಿಸಿದೆವು.

ಎಲ್ಲಿಗೆ ಎಂಬುದೇ ಪ್ರಶ್ನೆ. ‘ಅತ್ಯುತ್ತಮ ಹತ್ತು ಹೋಸ್ಟಿಂಗ್’ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಅಲ್ಲಿಂದ ಒತ್ತಿ ಹೋಗಿ ಕೊಂಡರೆ ಬರೆದವರಿಗೆ ಕಮಿಷನ್ ಉಂಟು, ಹಾಗಾಗಿ ಎಲ್ಲರೂ ಒಂದೇ ನಾಲ್ಕು ಹೆಸರನ್ನು ಹಿಂದೆ ಮುಂದೆ ಮಾಡುತ್ತಾರೆ. ಆಫೀಸಿನಲ್ಲಿ ಕೇಳಿದರೆ ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಉಗಿದ. ಶೇಕಡಾವಾರು ಭರವಸೆಯಂತೂ ಬೇಡವೇ ಬೇಡ. 1990ರ ಕೊನೆಯಲ್ಲಿ ಜಿನೀವಾ ಬಳಿಯ ಸರ್ನ್ ಎಂಬ ಸಂಶೋಧನಾ ಕೇಂದ್ರದಲ್ಲಿ ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ ಓಡಿಸಿದ ಮೊದಲ ವೆಬ್ ಸರ್ವರಿಗೆ ಇದ್ದ ಗ್ಯಾರಂಟಿಯೆಂದರೆ ಒಂದು ಚೀಟಿ. ‘ಈ ಯಂತ್ರ ಸರ್ವರ್, ಇದನ್ನು ಆಫ್ ಮಾಡಬೇಡಿ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿದ್ದರು. ಹಿಂದಿರುಗಿಸುವ ಮೂರು ರೂಪಾಯಿಗಿಂತ ನನಗೆ ಆ ಚೀಟಿ ಮೇಲು.

ನಾನು ಕೇಳಬೇಕೆಂದುಕೊಂಡಿದ್ದು ಮೂರೇ ಸಂಗತಿ. ರಿನ್ಯೂವಲ್ ಎಷ್ಟು? ಸರ್ವರ್ ಭಾರತದಲ್ಲಿದೆಯೋ ಅಮೆರಿಕದಲ್ಲೋ? ಬ್ಯಾಕಪ್ ಇರುವುದು ಎಲ್ಲಿ? ಕೊನೆಯದನ್ನು ಭಾವನಿಗೆ ಒತ್ತಿ ಹೇಳಿದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರಿನ ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ‘ನಿಮ್ಮ ವಿಪತ್ತು ಯೋಜನೆ ಜಾರಿಗೆ ತನ್ನಿ’ ಎಂದು ಸಂಸ್ಥಾಪಕರು ಗ್ರಾಹಕರಿಗೆ ಟ್ವೀಟ್ ಮಾಡಿದರು. ಕೆಲವರ ಬ್ಯಾಕಪ್ಪೂ ಆ ಬೆಂಕಿಯಲ್ಲೇ ಇತ್ತು.

ಭಾವನ ಪರೀಕ್ಷೆಯೇ ಬೇರೆ. ಬೆಳಗಿನ ಜಾವ ಹಾಲು ಕರೆದು ಬಂದು, ಚೊಂಬು ಕೆಳಗಿಟ್ಟವರೇ ಕಂಪನಿಗಳಿಗೆ ಫೋನ್ ಮಾಡುತ್ತಿದ್ದರು. ಎತ್ತದವರು ಔಟ್. ಒಂದನ್ನು ಒತ್ತಿ, ಎರಡನ್ನು ಒತ್ತಿ ಅಂದವರೂ ಔಟ್. ಒಬ್ಬ ಹುಡುಗ ನಿದ್ದೆಗಣ್ಣಲ್ಲಿ ಎತ್ತಿ, ಇವರ ಇಂಗ್ಲಿಷ್ ಕೇಳಿ, “ಕನ್ನಡದಲ್ಲೇ ಹೇಳಿ ಸರ್” ಅಂದನಂತೆ. ದಾವಣಗೆರೆಯವನು. ಬ್ಯಾಕಪ್ ಬೇರೆ ಊರಿನಲ್ಲಿದೆ ಅಂದ. ಸರ್ವರ್ ಮುಂಬೈಯಲ್ಲಿ ಅಂದ. ದರ ಹಳೆಯದರ ಮೂರು ಪಟ್ಟು. ಭಾವ ಚೌಕಾಸಿ ಮಾಡಲಿಲ್ಲ. ಆ ಹುಡುಗನ ಊರಿನ ಬೆಣ್ಣೆದೋಸೆ ಬಗ್ಗೆ ಕಾಲು ಗಂಟೆ ಮಾತಾಡಿ ದುಡ್ಡು ಹಾಕಿದರು.

ಸೈಟು ಸಾಗಿಸುವಾಗ ಡಿಎನ್‌ಎಸ್, ಅಂದರೆ ಸೈಟಿನ ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ವಿಳಾಸ ಪಟ್ಟಿ, ಎಲ್ಲೆಡೆ ಬದಲಾಗುವವರೆಗೆ ನನಗೆ ಹೊಸ ಸೈಟು, ಭಾವನಿಗೆ ಹಳೆಯದು ಕಾಣುತ್ತಿತ್ತು. ಒಂದೂವರೆ ದಿನ ಇಬ್ಬರೂ ಒಬ್ಬರನ್ನೊಬ್ಬರು ಸುಳ್ಳುಗಾರರೆಂದು ತಿಳಿದೆವು. ಅದು ಬಿಟ್ಟರೆ ಈಗ ಎಲ್ಲ ಸರಿಯಿದೆ. ಮೊನ್ನೆ ರಾತ್ರಿ ಮಾತ್ರ ಮತ್ತೆ ಫೋನ್ ಬಂತು.

“ಸೈಟು ಬಿದ್ದಿದೆ ಮಾರಾಯ.”

ತೆರೆದು ನೋಡಿದೆ. ಎದ್ದೇ ಇತ್ತು, ಅಪ್ಪೆಹುಳಿಯೂ ಕನ್ನಡದಲ್ಲೇ ಇತ್ತು. “ಭಾವ, ನಿಮ್ಮಲ್ಲಿ ಕರೆಂಟ್ ಇದೆಯಾ?”

“ಎಲ್ಲಿಂದ? ಲೈನ್ ಮೇಲೆ ಮರ ಬಿದ್ದಿದೆ. ವೈಫೈ ದೀಪವೂ ಇಲ್ಲ.”

“ಹಾಗಾದರೆ ಸೈಟಿಗೆ ಏನೂ ಆಗಿಲ್ಲ, ಅದಿರುವುದು ಮುಂಬೈಯಲ್ಲಿ.”

ಸ್ವಲ್ಪ ಹೊತ್ತು ಮಳೆಯ ಸದ್ದು. ಆಮೇಲೆ ಭಾವ ಅಂದರು: “ಯಾವುದಕ್ಕೂ ಆ ದಾವಣಗೆರೆ ಹುಡುಗನಿಗೆ ಒಂದು ಮಾತು ಹೇಳಿಬಿಡು, ಮುಂಬೈಯಲ್ಲಿ ಲೈನ್ ಹತ್ತಿರ ಮರಗಿರ ಇದ್ದರೆ ಮೊದಲೇ ಕಡಿಸಲಿ.”