ಕೊಚ್ಚಿಗೆ ಹೋಗಬೇಡಿ, ಕೊಚ್ಚಿಬಿಟ್ಟಾರು

ನಮ್ಮ ಭಾವ ಬ್ಯಾಂಕಿನಿಂದ ನಿವೃತ್ತರಾದವರು. ಲೆಕ್ಕದಲ್ಲಿ ಬಲು ಪಕ್ಕಾ. ಹೋದ ಡಿಸೆಂಬರಿನಲ್ಲಿ ಮನೆಮಂದಿಯೆಲ್ಲ ಕೊಚ್ಚಿಗೆ ಹೋಗುವುದು ಅಂತ ತೀರ್ಮಾನವಾಗಿತ್ತು. ಅಕ್ಕ ಹೋಮ್‌ಸ್ಟೇಗೆ ಅಡ್ವಾನ್ಸ್ ಕೂಡ ಕಳಿಸಿದ್ದಳು. ಹೊರಡಲು ಹತ್ತು ದಿನ ಇರುವಾಗ ಫ್ಯಾಮಿಲಿ ಗ್ರೂಪಿನಲ್ಲಿ ಭಾವನ ಮೆಸೇಜು ಬಂತು. ಕೆಂಪು ಬಣ್ಣದ ಒಂದು ಪಟ್ಟಿ. ತುತ್ತತುದಿಯಲ್ಲಿ ಕೊಚ್ಚಿ, ತೀರಾ ಕೆಳಗೆ ಕೋಲ್ಕತ್ತ. ಅದರಡಿ ಭಾವನದೇ ಒಂದು ಸಾಲು: ‘ಪ್ರವಾಸ ಕ್ಯಾನ್ಸಲ್.’

ಫೋನ್ ಮಾಡಿದೆ.

“ಮೂವತ್ತೆಂಟು ಪಟ್ಟು ಕಣೋ,” ಅಂದರು. “ಕೋಲ್ಕತ್ತಕ್ಕಿಂತ ಕೊಚ್ಚಿ ಮೂವತ್ತೆಂಟು ಪಟ್ಟು ಡೇಂಜರ್. ಹೆಸರಲ್ಲೇ ಇದೆಯಲ್ಲೋ. ದಿನಾ ಪೇಪರಿನಲ್ಲಿ ನೋಡಲ್ವಾ? ಕೊಚ್ಚಿ ಕೊಲೆ, ಕೊಚ್ಚಿ ಕೊಲೆ!”

ಲೆಕ್ಕ ತಪ್ಪಿರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 19 ಮಹಾನಗರಗಳ ಅಪರಾಧ ಎಣಿಸುತ್ತದೆ. ಅದರ 2023ರ ವರದಿಯಲ್ಲಿ ಲಕ್ಷ ಜನಕ್ಕೆ ಕೊಚ್ಚಿಯಲ್ಲಿ 3,192 ಐಪಿಸಿ (ಆಗಿನ ಭಾರತೀಯ ದಂಡ ಸಂಹಿತೆ) ಪ್ರಕರಣ. ಕೋಲ್ಕತ್ತದಲ್ಲಿ ಬರೀ 84. ಭಾಗಿಸಿದರೆ ಮೂವತ್ತೆಂಟು. ಆ ವರದಿ ಹೊರಬಂದದ್ದು ಮಾತ್ರ 2025ರ ಸೆಪ್ಟೆಂಬರ್ ಕೊನೆಗೆ. ಹಳೇ ಪಂಚಾಂಗ ನೋಡಿ ಮದುವೆ ಮುಹೂರ್ತ ಇಟ್ಟ ಹಾಗೆ.

ಅದಿರಲಿ. ಕೊಚ್ಚಿಯಲ್ಲಿ ಎಣಿಸಿದ್ದು ಏನನ್ನು? ಐಪಿಸಿ ಅಂದರೆ ಬರೀ ಕೊಲೆ, ದರೋಡೆ ಅಲ್ಲ. ಅಡ್ಡಾದಿಡ್ಡಿ ಗಾಡಿ ಓಡಿಸುವುದೂ ಆಗ ಅದರ 279ನೇ ಸೆಕ್ಷನ್; 2024ರ ಜುಲೈನಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 281. ಕೇರಳದ ಪೊಲೀಸರು ಅದನ್ನೂ ಬಿಡದೆ ಕೇಸು ಹಾಕುತ್ತಾರೆ. ಹಾಗಾಗಿ ಕೇರಳದ ಅಂಕಿ ಯಾವಾಗಲೂ ಮುಗಿಲು ಮುಟ್ಟಿರುತ್ತದೆ. ಬರೆದುಕೊಂಡ ಊರು ಕೆಟ್ಟ ಊರು, ಬರೆಯದ ಊರು ಒಳ್ಳೆಯ ಊರು. ಕೋಲ್ಕತ್ತದಲ್ಲಿ ಕಡಿಮೆ ಇರುವುದು ಕಳ್ಳರೋ ಪೆನ್ನೋ, ಆ 84 ಹೇಳುವುದಿಲ್ಲ. ಅಪರಾಧ ಹೆಚ್ಚುವುದೇ ಬೇರೆ, ಕೇಸು ದಾಖಲಾಗುವುದು ಹೆಚ್ಚುವುದೇ ಬೇರೆ ಅಂತ ಬ್ಯೂರೋದವರೇ ತಮ್ಮ ವರದಿಯಲ್ಲಿ ಎಚ್ಚರಿಸಿದ್ದಾರೆ. ಸಿಗರೇಟ್ ಪ್ಯಾಕಿನ ಮೇಲಿನ ಎಚ್ಚರಿಕೆಗಾದರೂ ಒಂದು ಚಿತ್ರ ಇರುತ್ತದೆ, ಪಾಪ.

ಪೆನ್ನಿನ ಮಹಿಮೆ ನನಗೆ ಚೆನ್ನಾಗಿ ಗೊತ್ತು. ಒಂದು ಊರಿನಲ್ಲಿ ಬಸ್‌ಸ್ಟಾಪಿನ ಹತ್ತಿರ ನಿಂತಿದ್ದಾಗ ಬೈಕಿನಲ್ಲಿ ಬಂದವನೊಬ್ಬ ಕೈಯಿಂದ ಮೊಬೈಲ್ ಕಿತ್ತುಕೊಂಡು ಹೋದ. ಊರಿನ ಹೆಸರು ಹೇಳುವುದಿಲ್ಲ. ಸ್ಟೇಷನ್ನಿಗೆ ಹೋದೆ. ಅಲ್ಲಿದ್ದವರು ಬಹಳ ಒಳ್ಳೆಯವರು. ಕೂರಿಸಿದರು, ಟೀ ತರಿಸಿದರು.

“ಮುಖ ನೋಡಿದ್ರಾ?”

“ಹೆಲ್ಮೆಟ್ ಹಾಕಿದ್ದ.”

“ಮತ್ತೆ? ನೋಡಿಲ್ಲ ಅಂತಾಯ್ತು. ಕಳೆದುಹೋಗಿದೆ ಅಂತ ಬರ್ದುಕೊಡಿ ಸರ್. ಹೊಸ ಸಿಮ್ಮಿಗೆ ಅದೇ ಸಾಕು. ಎಫ್‌ಐಆರ್ ಅಂದ್ರೆ ನಾಳೆ ನೀವೇ ಕೋರ್ಟಿಗೆ ಅಲೀಬೇಕು.”

ಬರೆದುಕೊಟ್ಟೆ. ‘ಬಸ್ ನಿಲ್ದಾಣದ ಬಳಿ ನನ್ನ ಮೊಬೈಲ್ ಎಲ್ಲಿಯೋ ಬಿದ್ದುಹೋಗಿರುತ್ತದೆ.’ ಬಿದ್ದುಹೋಗಿತ್ತು, ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ. ಟೀಗೆ ಸಕ್ಕರೆ ಸ್ವಲ್ಪ ಜಾಸ್ತಿಯಾಗಿತ್ತು. ಅವತ್ತು ಆ ಊರಿನಲ್ಲಿ ಒಂದು ಅಪರಾಧ ಕಡಿಮೆಯಾಯಿತು, ಅದರಲ್ಲಿ ನನ್ನ ಕೈಯೂ ಇದೆ.

ಕೊಲೆಗೆ ಮಾತ್ರ ಈ ಸೌಲಭ್ಯ ಇಲ್ಲ. ಹೆಣ ಮುಂದಿರುವಾಗ ‘ಕಳೆದುಹೋಗಿರುತ್ತದೆ’ ಅಂತ ಬರೆಸುವುದು ಕಷ್ಟ. ಅದಕ್ಕೇ ಊರಿಂದ ಊರಿಗೆ ಹೋಲಿಸಲೇಬೇಕು ಅಂದರೆ ಕೊಲೆಯ ಲೆಕ್ಕವನ್ನೇ ಸ್ವಲ್ಪವಾದರೂ ನಂಬಬಹುದು.

ಇನ್ನು ಆ ‘ಲಕ್ಷ ಜನಕ್ಕೆ’ ಅನ್ನುವುದರ ಕಥೆ. ಬ್ಯೂರೋ ನಗರಗಳ ಜನಸಂಖ್ಯೆಯನ್ನು 2011ರ ಜನಗಣತಿಯಿಂದ ತೆಗೆದುಕೊಳ್ಳುತ್ತದೆ. ಆ ಪ್ರಕಾರ ಬೆಂಗಳೂರಿನಲ್ಲಿ ಇವತ್ತಿಗೂ 85 ಲಕ್ಷ ಜನ. ನಾನು ಬೆಂಗಳೂರಿಗೆ ಬಂದದ್ದು 2014ರಲ್ಲಿ. ನನ್ನನ್ನು ಯಾರಾದರೂ ದೋಚಿದರೆ ಆ ಕೇಸು ಲೆಕ್ಕಕ್ಕುಂಟು, ನಾನು ಲೆಕ್ಕಕ್ಕಿಲ್ಲ.

ಪ್ರವಾಸಿಗಳದ್ದೂ ಇದೇ ಪಾಡು. ವ್ಯಾಟಿಕನ್ ನೋಡಿ. 2002ರಲ್ಲಿ ಅಲ್ಲಿ ವಾಸವಿದ್ದವರು 455 ಜನ. ಆ ವರ್ಷದ ಕ್ರಿಮಿನಲ್ ಪ್ರಕರಣ 608. ಜೇಬು ಕತ್ತರಿಸುವವರೂ ಹೊರಗಿನವರು, ಕತ್ತರಿಸಿಕೊಳ್ಳುವವರೂ ಹೊರಗಿನವರು, ಭಾಗಿಸುವುದು ಮಾತ್ರ ಒಳಗಿರುವ ಪಾದ್ರಿಗಳ ತಲೆಯಿಂದ. ಈ ಸರಾಸರಿಯನ್ನು ನಂಬಿದರೆ ಪೋಪ್ ಕೂಡ ವರ್ಷಕ್ಕೊಂದು ಜೇಬಿಗೆ ಕೈ ಹಾಕಿರಬೇಕು.

ಅಮೆರಿಕದ ಸೇಂಟ್ ಲೂಯಿಸ್ ಇನ್ನೊಂದು ತಮಾಷೆ. 2020ರಲ್ಲಿ ಅಲ್ಲಿ 263 ಕೊಲೆಗಳಾದವು. ನಗರದ ಜನ ಮೂರು ಲಕ್ಷ. ಲಕ್ಷಕ್ಕೆ 87! ಆದರೆ 1876ರಲ್ಲೇ ಆ ನಗರ ಸುತ್ತಲಿನ ಕೌಂಟಿಯಿಂದ ಬೇರೆ ಮನೆ ಮಾಡಿಕೊಂಡಿತು. ಬಡಾವಣೆಗಳ ನೆಮ್ಮದಿ ಜನವೆಲ್ಲ ಗೆರೆಯ ಆಚೆ. ಎಲ್ಲರನ್ನೂ ಸೇರಿಸಿದರೆ 28 ಲಕ್ಷ ದಾಟುತ್ತದೆ. ಮೆಜೆಸ್ಟಿಕ್ಕು, ಕಲಾಸಿಪಾಳ್ಯ ಅಷ್ಟೇ ಬೆಂಗಳೂರು, ಜಯನಗರ ಬೇರೆ ಊರು ಅಂದ ಹಾಗೆ.

ಇದನ್ನೆಲ್ಲ ಭಾವನಿಗೆ ಮುಕ್ಕಾಲು ಗಂಟೆ ಹೇಳಿದೆ. ಕೊನೆಗೆ ಇನ್ನೊಂದು ಬಾಣ ಬಿಟ್ಟೆ. 2022ರಲ್ಲಿ ದೇಶದಲ್ಲಿ ಆದ ಕೊಲೆ ಪ್ರಕರಣ 28,522. ಅದರಲ್ಲಿ 9,962ಕ್ಕೆ ಕಾರಣ ಜಗಳ, 3,761ಕ್ಕೆ ಹಳೇ ದ್ವೇಷ. ದುಡ್ಡಿನಾಸೆಗೆ ಆದದ್ದು 1,884. “ಕೊಲೆಯಾಗೋದಕ್ಕೂ ಒಂದು ಪರಿಚಯ ಬೇಕು ಭಾವ. ಕೊಚ್ಚಿಯಲ್ಲಿ ನಿಮಗೆ ಸೈಟಿಲ್ಲ, ಬೇಲಿ ತಕರಾರಿಲ್ಲ, ದಾಯಾದಿಗಳಿಲ್ಲ. ಈ ಲೆಕ್ಕದಲ್ಲಿ ನೀವು ಹೆದರಬೇಕಾದ್ದು ಊರಹಬ್ಬಕ್ಕೆ ಹೋಗೋಕೆ.”

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ದಾಯಾದಿಗಳ ಮಾತು ನಾಟಿರಬೇಕು ಅಂದುಕೊಂಡೆ.

“ಮಂಗಳೂರಿಗೆ ಹೋಗೋಣ,” ಅಂದರು. “ಇಡೀ ದೇಶದಲ್ಲೇ ಸೇಫ್ ಅಂತೆ.”

ಇನ್ನೊಂದು ಪಟ್ಟಿ ಬಂತು. ಇದು ನಂಬಿಯೋ ಅನ್ನುವ ವೆಬ್‌ಸೈಟಿನದು. 2025ರ ನಡುವಿನ ಪಟ್ಟಿಯಲ್ಲಿ ಮಂಗಳೂರಿಗೆ ಸುರಕ್ಷತೆಯಲ್ಲಿ 74.2 ಅಂಕ, ದೇಶಕ್ಕೇ ಮೊದಲು. ಅಂಕ ಕೊಟ್ಟವರು ಪೊಲೀಸರಲ್ಲ. ಆ ಸೈಟಿಗೆ ಬಂದುಹೋಗುವ ನಮ್ಮ ನಿಮ್ಮಂಥವರು. ರಾತ್ರಿ ಒಬ್ಬರೇ ನಡೆಯಲು ಭಯವಾಗುತ್ತಾ, ಮನೆಗೆ ಕಳ್ಳರು ನುಗ್ಗುತ್ತಾರೆ ಅಂತ ಆತಂಕವಾ ಅಂತೆಲ್ಲ ಕೇಳುತ್ತಾರೆ. ಸೋಫಾದ ಮೇಲೆ ಕೂತು ಉತ್ತರ ಒತ್ತಿದರಾಯಿತು. ಹೆಸರನ್ನೇ ನೋಡಿ: ನಂಬಿಯೋ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ಮಂಗಳೂರು ಒಳ್ಳೆಯ ಊರೇ. ಮೀನೂಟ ಮಾಡಿ, ಗಡ್‌ಬಡ್ ತಿಂದು ಬರುವವನಿಗೆ ಏನೂ ಆಗುವುದಿಲ್ಲ. ಆದರೆ ಅದೇ 2025ರ ಜೂನಿನಲ್ಲಿ, ಕರಾವಳಿಯಲ್ಲಿ ಒಂದರ ಹಿಂದೊಂದು ಕೊಲೆಗಳಾದ ಮೇಲೆ, ಕೋಮು ಗಲಭೆ ತಡೆಯಲು ಸರ್ಕಾರ ವಿಶೇಷ ಕಾರ್ಯಪಡೆಯನ್ನು ಶುರು ಮಾಡಿದ್ದು ಅದೇ ಮಂಗಳೂರಿನಲ್ಲಿ. ಅತ್ಯಂತ ಸುರಕ್ಷಿತ ನಗರಕ್ಕೆ ಅತ್ಯಂತ ವಿಶೇಷ ಪೊಲೀಸರು. ಎರಡೂ ಸುದ್ದಿಯನ್ನು ಭಾವ ಗ್ರೂಪಿಗೆ ಹಾಕಿದ್ದರು. ಎರಡಕ್ಕೂ ನಮ್ಮ ಅಕ್ಕ ಕೈಮುಗಿಯುವ ಚಿತ್ರ ಒತ್ತಿದ್ದಳು.

ಅಂತೂ ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು ರಾತ್ರಿ ಹತ್ತಕ್ಕೆ ಹೊರಟೆವು. ಡ್ರೈವರ್ ಹಿಂದಿನ ದಿನ ತಿರುಪತಿಗೆ ಹೋಗಿ ಬೆಳಿಗ್ಗೆಯಷ್ಟೇ ವಾಪಸ್ ಬಂದವನು. ನಿದ್ದೆ ಆಗಿದೆಯಾ ಅಂದರೆ ನಕ್ಕ. 2022ರಲ್ಲೇ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಕೊಲೆಯ ಲೆಕ್ಕದ ಸುಮಾರು ಆರು ಪಟ್ಟು. ಆ ಪಟ್ಟಿ ನೋಡಿ ಪ್ರವಾಸ ಕ್ಯಾನ್ಸಲ್ ಮಾಡಿದವರನ್ನು ನಾನಂತೂ ಕಂಡಿಲ್ಲ.

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಮಂಜು. ಮುಂದೆ ಮಂಗಳೂರಿಗೆ ಹೊರಟ ಗ್ಯಾಸ್ ಟ್ಯಾಂಕರು. ಡ್ರೈವರ್ ಒಂದು ಕೈಯಲ್ಲಿ ಫೋನ್ ಹಿಡಿದು, ತಿರುವಿನಲ್ಲೇ ಅದನ್ನು ಹಿಂದೆ ಹಾಕಲು ಬಲಕ್ಕೆ ತೆಗೆದ. ಎದುರಿನಿಂದ ಬೆಳಕು ಬಂತು, ಮತ್ತೆ ಎಡಕ್ಕೆ ಎಳೆದ. ಇದೇ ಕೊಚ್ಚಿಯಲ್ಲಾಗಿದ್ದರೆ ಸೆಕ್ಷನ್ 281 ಆಗಿ ಪಟ್ಟಿಗೆ ಸೇರುತ್ತಿತ್ತೇನೋ. ಇಲ್ಲಿ ಬರೆದುಕೊಳ್ಳಲು ಯಾರೂ ಇರಲಿಲ್ಲ.

ಭಾವ ಮುಂದಿನ ಸೀಟಿನಲ್ಲಿದ್ದರು. ಬೀಪ್ ಸದ್ದಿನ ಕಾಟ ಬೇಡ ಅಂತ ಸೀಟ್ ಬೆಲ್ಟನ್ನು ಬೆನ್ನ ಹಿಂದಿನಿಂದ ಎಳೆದು ಸಿಕ್ಕಿಸಿಕೊಂಡಿದ್ದರು. ಫೋನಿನ ಬೆಳಕು ಮುಖದ ಮೇಲೆ ಬಿದ್ದಿತ್ತು.

“ಮಂಗಳೂರಲ್ಲಿ ರಾತ್ರಿ ಒಬ್ಬೊಬ್ರೇ ಓಡಾಡಬಹುದಂತೆ ಕಣೋ,” ಅಂದರು.

ಡ್ರೈವರ್ ಹಾರ್ನ್ ಮಾಡಿ ಮತ್ತೆ ಬಲಕ್ಕೆ ತೆಗೆದ.