ಗೋಡೆಗೆ ಸೆಕೆ, ಸಿಸ್ಟರಿಗೆ ಚಳಿ

ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಫ್ಯಾನೇ ಬೇಡವೆನ್ನುತ್ತಿದ್ದ ಹಿರಿಯರು, 2016ರ ಏಪ್ರಿಲ್‌ನಲ್ಲಿ ಬಿಸಿಲು 39.2 ಡಿಗ್ರಿ ಮುಟ್ಟಿದ ಮೇಲೆ ಆ ಮಾತನ್ನು ಕೈಬಿಟ್ಟರು. ಆದರೆ ನಾನು ಕೆಲಸ ಮಾಡುವ ಆಸ್ಪತ್ರೆಯ ನಾಲ್ಕನೆಯ ಮಹಡಿಗೆ ಬೇಸಿಗೆ ಇನ್ನೂ ಕಾಲಿಟ್ಟಿಲ್ಲ. ಅಲ್ಲಿನ ಸಿಸ್ಟರುಗಳು ಕಡುಬೇಸಿಗೆಯಲ್ಲೂ ಸಮವಸ್ತ್ರದ ಮೇಲೆ ಸ್ವೆಟರ್ ತೊಟ್ಟು, ಅಂಗೈ ಉಜ್ಜಿಕೊಂಡು ಬೆಚ್ಚಗಾದ ಮೇಲಷ್ಟೇ ರೋಗಿಯ ನಾಡಿ ಹಿಡಿಯುತ್ತಾರೆ.

ಕಾರಣ ಬಲು ಸರಳ. ವಾರ್ಡಿನ ಸೆಕೆ ಅಳೆದು ಎ.ಸಿ.ಯನ್ನು ನಡೆಸುವ ಥರ್ಮೋಸ್ಟಾಟ್ ಇರುವ ಗೋಡೆಗೆ ಒತ್ತಿ ಯಾರೋ ಪುಣ್ಯಾತ್ಮರು ಔಷಧಿಯ ಫ್ರಿಜ್ ತಂದಿಟ್ಟಿದ್ದಾರೆ. ಇನ್ಸುಲಿನನ್ನು 2ರಿಂದ 8 ಡಿಗ್ರಿಯೊಳಗೆ ಕಾಯುವ ಆ ಫ್ರಿಜ್ ತನ್ನ ಹೊಟ್ಟೆಯ ಶಾಖವನ್ನೆಲ್ಲ ಬೆನ್ನಿನಿಂದ ಹೊರಹಾಕುತ್ತದೆ. ಆ ಬಿಸಿಗಾಳಿ ಮೇಲೇರಿ ಥರ್ಮೋಸ್ಟಾಟಿಗೆ ತಗುಲಿದೊಡನೆ ಅದು ವಾರ್ಡಿಗೆ ವಾರ್ಡೇ ಬೇಯುತ್ತಿದೆಯೆಂದು ಗಾಬರಿಗೊಂಡು, ಎ.ಸಿ.ಯ ಗಾಳಿಯನ್ನು ತಂಪಾಗಿಸುವ ತಣ್ಣೀರಿನ ವಾಲ್ವನ್ನು ಪೂರ್ತಿ ತೆರೆಯುತ್ತದೆ.

ದೂರು ಹೋಯಿತು. ಆಡಳಿತ ಕಛೇರಿಯು ಫ್ರಿಜ್ಜನ್ನು ನಾಲ್ಕಡಿ ಸರಿಸುವ ಬದಲು, ಸಿಬ್ಬಂದಿಯ ಹಿತದೃಷ್ಟಿಯಿಂದ ಒಂದು ರೂಮ್ ಹೀಟರನ್ನು ಮಂಜೂರು ಮಾಡಿತು. ವಾರ್ಡಿನಲ್ಲಿ ಖಾಲಿಯಿದ್ದ ಒಂದೇ ಒಂದು ಸಾಕೆಟ್ ಫ್ರಿಜ್ಜಿನ ಪಕ್ಕದಲ್ಲಿತ್ತು. ಹೀಟರ್ ಅಲ್ಲಿಯೇ ಪ್ರತಿಷ್ಠಾಪನೆಯಾಯಿತು. ಮರುದಿನದಿಂದ ಸಿಸ್ಟರುಗಳು ಮಂಕಿ ಕ್ಯಾಪ್ ಹಾಕತೊಡಗಿದರು.

ಇತ್ತ ನೆಲಮಹಡಿಯ ಹೊರರೋಗಿ ವಿಭಾಗದಲ್ಲಿ ಮೂರು ಫ್ಯಾನುಗಳಿದ್ದು, ತಿರುಗುವ ಒಂದು ಫ್ಯಾನು ಚೀಟಿ ಕೊಡುವ ಗುಮಾಸ್ತರ ತಲೆಯ ಮೇಲಿದೆ. ಮೊನ್ನೆ ಸಾಲಿನಲ್ಲಿ ನಿಂತಿದ್ದ ಅಜ್ಜಿಯೊಬ್ಬರು ತಮ್ಮ ಮೊಣಕಾಲಿನ ಎಕ್ಸ್‌ರೇ ಲಕೋಟೆಯಿಂದ ಗಾಳಿ ಬೀಸಿಕೊಳ್ಳುತ್ತಾ, ಪಕ್ಕದಲ್ಲಿದ್ದ ಮಗುವಿಗೂ ನಾಲ್ಕು ಸಲ ಬೀಸಿದರು. ಮೇಲಿನ ಚಳಿಯಲ್ಲಿ ಒಂದಿಷ್ಟನ್ನು ಕೆಳಗಿಳಿಸಬಾರದೇ ಎಂದು ವಿಚಾರಿಸಿದ್ದಕ್ಕೆ, ಚಳಿಯ ಕಡತ ಎಲೆಕ್ಟ್ರಿಕಲ್ ವಿಭಾಗದ್ದು, ಸೆಕೆಯ ಕಡತ ಸಿವಿಲ್ ವಿಭಾಗದ್ದು ಎಂಬ ಉತ್ತರ ಬಂತು.

ಆಪರೇಷನ್ ಥಿಯೇಟರಿಗೆ ಮಾತ್ರ ಈ ಗೋಳಿಲ್ಲ. ಅಲ್ಲಿ ತಾಪಮಾನ 21 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಗಾಳಿ ಗಂಟೆಗೆ ಕನಿಷ್ಠ 20 ಸಲ ಬದಲಾಗಬೇಕು ಎಂಬ ಮಾನದಂಡವಿದೆ. ಅದಕ್ಕಿಂತ ಮುಖ್ಯವಾಗಿ, ಮಾನ್ಯತೆ ಕೊಡುವವರು ಬಂದು ಅಳೆಯುತ್ತಾರೆ. ಅಜ್ಜಿಯ ಬೆವರನ್ನು ಅಳೆಯಲು ಯಾವ ತಂಡವೂ ಬರುವುದಿಲ್ಲ.

ಹನ್ನೊಂದು ಜ್ಞಾಪನಾಪತ್ರಗಳ ನಂತರ, ನಗರದ ಟ್ರಾಫಿಕ್ಕನ್ನು ಎರಡೂವರೆ ಗಂಟೆ ಈಜಿ, ಬೆವರಿನಲ್ಲಿ ತೊಯ್ದ ಮೆಕ್ಯಾನಿಕ್ ಒಬ್ಬರು ಬಂದರು. ತಮ್ಮ ಮಾಪಕವನ್ನು ಥರ್ಮೋಸ್ಟಾಟಿನ ಪಕ್ಕ ಹಿಡಿದರು. ಎರಡೂ 31 ಡಿಗ್ರಿ ತೋರಿಸಿದವು. "ಥರ್ಮೋಸ್ಟಾಟ್ ಸರಿಯಾಗಿದೆ, ದೂರು ಮುಕ್ತಾಯಗೊಳಿಸಲಾಗಿದೆ" ಎಂದು ಬರೆಯಲು ರಿಜಿಸ್ಟರ್ ತೆರೆದವರು ಪೆನ್ನನ್ನು ಕೆಳಗಿಟ್ಟರು.

"ಸಿಸ್ಟರ್, ಕೈ ಮರಗಟ್ಟಿಬಿಟ್ಟಿದೆ, ಆ ಹೀಟರನ್ನ ಒಂಚೂರು ಜೋರು ಮಾಡ್ತೀರಾ?"